ಹಗರಣದ ಬೆಲೆ ತೆತ್ತವರು ಯಾರು?



ಪಠ್ಯಪುಸ್ತಕ ತಡವಾಗಿ ಬಂದದ್ದರ ಬಗ್ಗೆ, ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದ್ದರ ಬಗ್ಗೆ ನಾವು ಈ ಪುಟಗಳಲ್ಲಿ ಬರೆಯುತ್ತಲೇ ಬಂದಿದ್ದೇವೆ. ಇನ್ನೂ ಬರೆಯಬೇಕಾದೀತು. ಈ ಸಲ ಮಾತ್ರ ಸರಕಾರದ ಮೇಲೆ ದೂರಿಲ್ಲ. ದೂರು ಇರುವುದು ನಮ್ಮ ಮೇಲೆಯೇ, ಅಂದರೆ ನಿಮ್ಮ ಮೇಲೆ ಮತ್ತು ನನ್ನ ಮೇಲೆ.

ಕಳೆದ ತಿಂಗಳು ಮಧ್ಯಾಹ್ನದ ಊಟದ ಹೊತ್ತಿಗೆ ಎಂಟನೆಯ ತರಗತಿಯ ಇಬ್ಬರು ಹುಡುಗರು ಹೊಡೆದಾಡಿಕೊಂಡರು. ಬಿಡಿಸಿ ವಿಚಾರಿಸಿದಾಗ ವಿಷಯ ತಿಳಿಯಿತು. ಒಬ್ಬನ ತಂದೆಯ ಹೆಸರು ಪೇಪರಿನಲ್ಲಿ ಬಂದಿತ್ತು. ಯಾವುದೋ ಗುತ್ತಿಗೆ, ಎರಡು ಪಕ್ಷಗಳ ಜಗಳ, ತನಿಖೆಯಾಗಬೇಕೆಂಬ ಬೇಡಿಕೆ. ಇನ್ನೊಬ್ಬ ಇವನಿಗೆ "ನಿನ್ನ ಅಪ್ಪ ಕಳ್ಳ" ಎಂದಿದ್ದಾನೆ. "ನಿನಗೆ ಯಾರು ಹೇಳಿದ್ದು?" ಎಂದು ಕೇಳಿದೆ. "ಅಪ್ಪ ಅಮ್ಮನಿಗೆ ಹೇಳುವಾಗ ಕೇಳಿದ್ದು ಟೀಚರೇ" ಎಂದ. ಅವನನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ಅವನಿಗಿಂತ ಎರಡು ವರ್ಷ ದೊಡ್ಡವಳಾಗಿದ್ದಾಗ ನಾನು ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದೆ.

1994ರಲ್ಲಿ ನಾನು ಎಸ್.ಎಸ್.ಎಲ್.ಸಿ. ಓದುತ್ತಿದ್ದೆ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ನಮ್ಮ ಕಾಸರಗೋಡಿನಿಂದ ತಿರುವನಂತಪುರದವರೆಗೆ ಚಾ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಇಸ್ರೋದ ರಾಕೆಟ್ ರಹಸ್ಯವನ್ನು ವಿಜ್ಞಾನಿಗಳೇ ಮಾರಿಬಿಟ್ಟರಂತೆ, ಮಾಲ್ದೀವ್ಸ್‌ನ ಇಬ್ಬರು ಹೆಂಗಸರು ಅದನ್ನು ಪಾಕಿಸ್ತಾನಕ್ಕೆ ದಾಟಿಸಿದರಂತೆ! ದಿನಕ್ಕೊಂದು ಹೊಸ ಸಂಗತಿ ಬರುತ್ತಿತ್ತು. ಹಿರಿಯರು ಪೇಪರು ಓದಿ ಹೇಳುತ್ತಿದ್ದರು, ನಾವು ಬಾಯಿ ಬಿಟ್ಟು ಕೇಳುತ್ತಿದ್ದೆವು. 1995ರ ಜನವರಿ ಮೊದಲ ವಾರ ಶಾಲಾ ವಾರ್ಷಿಕೋತ್ಸವಕ್ಕೆ ನಾವು ಅದನ್ನೇ ಪ್ರಹಸನ ಮಾಡಿ ಆಡಿದೆವು. ಗಲ್ಫಿನಿಂದ ಬಂದಿದ್ದ ಮಾವನ ಕಪ್ಪು ಕನ್ನಡಕ ಹಾಕಿಕೊಂಡು ಗೂಢಚಾರಿಣಿಯ ಪಾತ್ರ ಮಾಡಿದವಳು ನಾನು. ತಲೆಗೆ ಹತ್ತಿ ಅಂಟಿಸಿಕೊಂಡ ಸಹಪಾಠಿಯೊಬ್ಬ ವಿಜ್ಞಾನಿಯಾಗಿದ್ದ. ಸಭೆ ಬಿದ್ದು ಬಿದ್ದು ನಕ್ಕಿತು. ನನಗೆ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಸಿಕ್ಕಿತು.

ನಾನು ಹಾಗೆ ಲೋಟ ಹಿಡಿದುಕೊಂಡು ಮನೆಗೆ ಹೋದ ದಿನ ನಂಬಿ ನಾರಾಯಣನ್ ಎಂಬ ವಿಜ್ಞಾನಿ ಬಂಧನದಲ್ಲಿದ್ದರು. 1994ರ ನವೆಂಬರ್ 30ರಂದು ಹಿಡಿದವರು ಅವರನ್ನು 50 ದಿನ ಹೊರಗೆ ಬಿಡಲಿಲ್ಲ.

ಆ ಪ್ರಕರಣ ಮುಂದೆ ಏನಾಯಿತೆಂದು ನಮ್ಮಲ್ಲಿ ಹಲವರಿಗೆ ಸಿನಿಮಾ ಬಂದ ಮೇಲೆ ತಿಳಿಯಿತು. ಸಿನಿಮಾದಲ್ಲಿ ಇರುವುದು ಒಬ್ಬರ ಕಥೆ. ಆ ಬಲೆಯಲ್ಲಿ ಸಿಕ್ಕಿಕೊಂಡವರು ಆರು ಮಂದಿ.

1994ರ ಅಕ್ಟೋಬರ್ 20ರಂದು ಮರಿಯಂ ರಶೀದಾ ಎಂಬ ಮಾಲ್ದೀವ್ಸ್ ಮಹಿಳೆಯನ್ನು ತಿರುವನಂತಪುರದಲ್ಲಿ ಬಂಧಿಸಿದರು. ವೀಸಾ ಅವಧಿ ಮುಗಿದರೂ ದೇಶದಲ್ಲಿ ಉಳಿದಿದ್ದಾರೆ ಎಂಬುದು ಮೊದಲ ಆರೋಪ, ಅಷ್ಟೇ. ನವೆಂಬರಿನಲ್ಲಿ ಅವರ ಗೆಳತಿ ಫೌಸಿಯಾ ಹಸನ್, ಆಮೇಲೆ ಇಸ್ರೋದ ಡಿ. ಶಶಿಕುಮಾರನ್ ಮತ್ತು ನಂಬಿ ನಾರಾಯಣನ್. ಬೆಂಗಳೂರಿನಿಂದ ಇಬ್ಬರು: ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯ ಭಾರತದ ಪ್ರತಿನಿಧಿಯಾಗಿದ್ದ ಕೆ. ಚಂದ್ರಶೇಖರ್ ಮತ್ತು ಕಾರ್ಮಿಕ ಗುತ್ತಿಗೆದಾರ ಎಸ್.ಕೆ. ಶರ್ಮಾ. ಮಾರಿದ್ದಾರೆಂದು ಹೇಳಲಾದದ್ದು ಕ್ರಯೋಜೆನಿಕ್ ಎಂಜಿನಿನ ತಂತ್ರಜ್ಞಾನ. ಅದು ಆಗ ನಮ್ಮ ದೇಶದ ಕೈಯಲ್ಲೇ ಇರಲಿಲ್ಲ. 1991ರಲ್ಲಿ ಗ್ಲಾವ್‌ಕಾಸ್ಮೋಸ್ ಜೊತೆ ಆಗಿದ್ದ ಒಪ್ಪಂದದಿಂದ ತಂತ್ರಜ್ಞಾನ ಕೊಡುವ ಭಾಗ ಅಮೆರಿಕದ ಒತ್ತಡದಿಂದಾಗಿ 1993ರಲ್ಲಿ ಬಿದ್ದುಹೋಗಿತ್ತು. ನಮ್ಮದೇ ಕ್ರಯೋಜೆನಿಕ್ ಎಂಜಿನು ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಮನೆಯಲ್ಲಿ ಇಲ್ಲದ ಹಸುವಿನ ಹಾಲು ಮಾರಿದನೆಂದು ಒಬ್ಬನನ್ನು ಹಿಡಿದ ಹಾಗೆ. ಆದರೆ ಆ ದಿನ ಈ ಪ್ರಶ್ನೆ ಕೇಳಬೇಕೆಂದು ನಮ್ಮ ವಿಜ್ಞಾನದ ಮಾಸ್ತರರಿಗೂ ಹೊಳೆಯಲಿಲ್ಲ.

ಶರ್ಮಾ ಅವರ ವಿಷಯವನ್ನು ಹೆತ್ತವರಾದ ನೀವು ವಿಶೇಷವಾಗಿ ಗಮನಿಸಬೇಕು. ಅವರಿಗೆ ರಾಕೆಟ್ಟೂ ತಿಳಿಯದು, ಎಂಜಿನೂ ತಿಳಿಯದು. ಫೌಸಿಯಾ ಹಸನ್ ತಮ್ಮ ಮಗಳನ್ನು ಬೆಂಗಳೂರಿನ ಶಾಲೆಗೆ ಸೇರಿಸಬೇಕೆಂದಿದ್ದರು. ಅವರಿಗೆ ಚಂದ್ರಶೇಖರ್ ಪರಿಚಯ, ಚಂದ್ರಶೇಖರ್ ಅವರಿಗೆ ಶರ್ಮಾ ಸ್ನೇಹಿತರು. ಮಗುವಿಗೊಂದು ಸೀಟು ಕೊಡಿಸಲು ಶರ್ಮಾ ನೆರವಾದರು. ಮುಂದೆ ಬೇಹುಗಾರಿಕೆಯ ಜಾಲದಲ್ಲಿ ಅವರ ಹೆಸರು ಸೇರಿತು. ಮಕ್ಕಳ ಪ್ರವೇಶಕ್ಕಾಗಿ ಪರಿಚಯದವರಿಗೆ ಪರಿಚಯದವರನ್ನು ಹಿಡಿದು ಕೇಳುವುದು ನಮಗೆ ಹೊಸತೇ? ಏಳನೆಯ ತರಗತಿ ಮುಗಿದ ಮಗುವಿಗೆ ಮುಂದೆ ಕನ್ನಡ ಹೈಸ್ಕೂಲಿನಲ್ಲಿ ಜಾಗ ಸಿಗಲೆಂದು ನಾನೇ ಎಷ್ಟು ಜನರಿಗೆ ಫೋನು ಮಾಡಿದ್ದೇನೆ!

ಸಿಬಿಐ ತನಿಖೆ ಮಾಡಿ, ಇದರಲ್ಲಿ ಹುರುಳಿಲ್ಲವೆಂದು ವರದಿ ಕೊಟ್ಟಿತು. 1996ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ಒಪ್ಪಿ ಎಲ್ಲರನ್ನೂ ಬಿಡುಗಡೆ ಮಾಡಿತು. ಅಲ್ಲಿಗೂ ಮುಗಿಯಲಿಲ್ಲ. ಅದೇ ವರ್ಷ ರಾಜ್ಯ ಸರಕಾರ ಮರುತನಿಖೆಗೆ ಹೊರಟಿತು. 1998ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿತು.

ಇದು ಬರಿಯ ಪೊಲೀಸರ ಕಥೆಯಾಗಿದ್ದರೆ ಇಷ್ಟು ಗದ್ದಲವಾಗುತ್ತಿರಲಿಲ್ಲ. ಆಗ ಕೇರಳದ ಮುಖ್ಯಮಂತ್ರಿಯಾಗಿದ್ದವರು ಕೆ. ಕರುಣಾಕರನ್. ಒಬ್ಬ ಪೊಲೀಸ್ ಅಧಿಕಾರಿಯನ್ನು ಅವರು ಕಾಪಾಡುತ್ತಿದ್ದಾರೆಂದು ವಿರೋಧ ಪಕ್ಷದವರೂ ಹೇಳಿದರು, ಅವರದೇ ಪಕ್ಷದ ಎದುರು ಗುಂಪಿನವರೂ ಹೇಳಿದರು. 1995ರ ಮಾರ್ಚಿನಲ್ಲಿ ಕರುಣಾಕರನ್ ರಾಜೀನಾಮೆ ಕೊಟ್ಟರು. ಅವರಿಗೂ ನೋವಾಗಿರಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅದೇ ವರ್ಷ ಅವರು ದೆಹಲಿಯಲ್ಲಿ ಕೇಂದ್ರ ಕೈಗಾರಿಕಾ ಮಂತ್ರಿಯಾದರು. ರಾಜಕಾರಣಿಗೆ ಬಿದ್ದ ಮೇಲೆ ಏಳಲು ಪಕ್ಷವಿದೆ, ಗುಂಪಿದೆ, ಇನ್ನೊಂದು ಚುನಾವಣೆಯಿದೆ. ಬೆಂಗಳೂರಿನ ಗುತ್ತಿಗೆದಾರನಿಗೆ ಏನಿದೆ? ಮಾಲೆಯಿಂದ ಬಂದ ಹೆಂಗಸಿಗೆ ಏನಿದೆ? ಹಗರಣವನ್ನು ಹುಟ್ಟಿಸುವುದು ರಾಜಕೀಯ, ತಿಂದು ತೇಗುವುದೂ ರಾಜಕೀಯ. ಎಂಜಲೆಲೆ ಎತ್ತುವವರು ಮಾತ್ರ ಆ ಪಂಕ್ತಿಯಲ್ಲಿ ಕೂತವರೇ ಅಲ್ಲ.

ನಂಬಿ ನಾರಾಯಣನ್ ಅವರ ಪತ್ನಿಯನ್ನು ಒಂದು ಮಳೆಯ ದಿನ ಆಟೋದವನು, ಇವರು ಯಾರೆಂದು ತಿಳಿದೊಡನೆ, ದಾರಿಯಲ್ಲೇ ಇಳಿಸಿಬಿಟ್ಟನೆಂದು ಅವರು ಹೇಳಿಕೊಂಡಿದ್ದಾರೆ. ಆ ತಾಯಿಯ ಮನಸ್ಸಿಗೆ ಬಿದ್ದ ಪೆಟ್ಟು ಬಹಳ ಕಾಲ ಮಾಯಲಿಲ್ಲ. ಇಲ್ಲಿ ಇಳಿಸಿದವನು ಪೊಲೀಸನಲ್ಲ, ಮಂತ್ರಿಯಲ್ಲ. ಪೇಪರು ಓದಿದ ಒಬ್ಬ ಸಾಮಾನ್ಯ ಮನುಷ್ಯ. ದೇಶಕ್ಕೆ ದ್ರೋಹ ಮಾಡಿದವರಿಗೆ ಬುದ್ಧಿ ಕಲಿಸಿದೆನೆಂದು ಅವನು ಆ ರಾತ್ರಿ ಮನೆಯಲ್ಲಿ ಹೇಳಿಕೊಂಡಿರಲೂ ಬಹುದು. ಅವನನ್ನು ನಾನು ಹಳಿಯಲಾರೆ. ನನ್ನ ಹತ್ತಿರ ಸ್ಟೀಲ್ ಲೋಟವಿತ್ತು.

ಆತಂಕ ಹುಟ್ಟಿಸುವ ಇನ್ನೊಂದು ಸಂಗತಿ ಫೌಸಿಯಾ ಹಸನ್ ಹೇಳಿದ್ದು. ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳ ಹೆಸರು ಹೇಳಿ ಬೆದರಿಸಿದ್ದರಿಂದಲೇ ತಾನು ಅವರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದೆ ಎಂದು ಅವರು ಆಮೇಲೆ ತಿಳಿಸಿದರು. ವಿಜ್ಞಾನಿಯ ಹೆಸರನ್ನು ಉಚ್ಚರಿಸಲೂ ಬಾರದ ಅವರಿಗೆ ಅದನ್ನು ಕಾಗದದ ಮೇಲೆ ಬರೆದು ತೋರಿಸಿ ಹೇಳಿಸಿದರಂತೆ. ಶಾಲೆಗೆ ಹೋಗುವ ಒಂದು ಮಗು ತನಗೇ ಗೊತ್ತಿಲ್ಲದೆ ತಾಯಿಯ ಕುತ್ತಿಗೆಗೆ ಹಗ್ಗವಾಯಿತು. 2022ರ ಆಗಸ್ಟಿನಲ್ಲಿ ಫೌಸಿಯಾ ತೀರಿಕೊಂಡರು.

2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟು, ನಂಬಿ ನಾರಾಯಣನ್ ಅವರನ್ನು ಅನಗತ್ಯವಾಗಿ ಬಂಧಿಸಿ ಹಿಂಸಿಸಲಾಯಿತೆಂದು ಹೇಳಿ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮಾನವ ಹಕ್ಕು ಆಯೋಗ 2001ರಲ್ಲಿ ಹೇಳಿದ 10 ಲಕ್ಷಕ್ಕೇ ಅವರು ವರ್ಷಗಟ್ಟಲೆ ಕಾದಿದ್ದರು. 2019ರಲ್ಲಿ ಪದ್ಮಭೂಷಣ ಬಂತು, 2020ರಲ್ಲಿ ರಾಜ್ಯ ಸರಕಾರ 1.30 ಕೋಟಿ ಕೊಟ್ಟಿತು. ಬಂಧನವಾದಾಗ ಅವರಿಗೆ 52 ವರ್ಷ, ಕೋರ್ಟಿನ ಮಾತು ಕೇಳುವಾಗ 76. ನಡುವಿನ ವರ್ಷಗಳನ್ನು ಯಾವ ಖಜಾನೆಯಿಂದ ತಂದು ಕೊಡುವುದು? ಆದರೂ ಅವರು ಆ ಮಾತನ್ನು ತಮ್ಮ ಕಿವಿಯಿಂದ ಕೇಳಿದರು. ಬೆಂಗಳೂರಿನ ಚಂದ್ರಶೇಖರ್ ಅವರಿಗೆ ಅದೂ ದಕ್ಕಲಿಲ್ಲ. ತೀರ್ಪು ಬಂದ ದಿನ ಅವರು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಎರಡು ದಿನ ಬಿಟ್ಟು, ಸೆಪ್ಟೆಂಬರ್ 16ರಂದು ತೀರಿಕೊಂಡರು. ಶರ್ಮಾ ಅವರು ತೀರಿಕೊಂಡದ್ದು ಅದೇ ವರ್ಷ ನವೆಂಬರ್ 1ರಂದು. ಗಡಿನಾಡಿನ ನಮಗೆ ಆ ತಾರೀಕು ಮೊದಲೇ ಭಾರವಾದದ್ದು. ಆ ಸುದ್ದಿ ಓದಿದಾಗಿನಿಂದ ನನಗೆ ಅದು ಇನ್ನಷ್ಟು ಭಾರವಾಗಿದೆ.

2024ರಲ್ಲಿ ಸಿಬಿಐ ಐವರು ಮಾಜಿ ಅಧಿಕಾರಿಗಳ ಮೇಲೆ ಆರೋಪಪಟ್ಟಿ ಹಾಕಿತು. ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ನ್ಯಾಯಾಲಯ ತೀರ್ಮಾನಿಸುವವರೆಗೆ ಅವರೂ ಆರೋಪಿಗಳು ಮಾತ್ರ, ಅವರಿಗೂ ಮನೆಯಿದೆ, ಮೊಮ್ಮಕ್ಕಳಿದ್ದಾರೆ. ನಂಬಿ ನಾರಾಯಣನ್ ಅವರಿಗೆ ಸಲ್ಲಬೇಕಾಗಿದ್ದ ನ್ಯಾಯವನ್ನು ಇವರಿಗೆ ನಿರಾಕರಿಸಿದರೆ ನಾವು ಕಲಿತದ್ದೇನು?

ತಿರುವನಂತಪುರದ ಮಾತು ಸಾಕು. ನಮ್ಮ ಊರಿನದ್ದನ್ನು ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಈ ಬರಹಕ್ಕೆ ಅರ್ಥವಿಲ್ಲ.

ಸುಮಾರು 12 ವರ್ಷಗಳ ಹಿಂದಿನ ಮಾತು. ನಮ್ಮ ಸಮೀಪದ ಒಂದು ಸಹಕಾರಿ ಸಂಘದಲ್ಲಿ ಬೇನಾಮಿ ಸಾಲದ ಗಲಾಟೆ ಎದ್ದಿತು. ಆಡಳಿತ ಮಂಡಳಿ ಒಂದು ಪಕ್ಷದ್ದು, ಗೇಟಿನ ಮುಂದೆ ಧರಣಿ ಕೂತವರು ಇನ್ನೊಂದು ಪಕ್ಷದವರು. ಅಲ್ಲಿದ್ದ ಗುಮಾಸ್ತರೊಬ್ಬರ ಮಗಳು ನನ್ನ ತರಗತಿಯಲ್ಲಿದ್ದಳು. ಗುಮಾಸ್ತರನ್ನು ಅಮಾನತು ಮಾಡಿದರು, ಪೇಪರಿನಲ್ಲಿ ಭಾವಚಿತ್ರ ಬಂತು. ಮಂಡಳಿಯ ಅಧ್ಯಕ್ಷರ ಚಿತ್ರ ಬರಲಿಲ್ಲ, ಅದು ಹೇಗೋ ನನಗೆ ಇಂದಿಗೂ ಅರ್ಥವಾಗಿಲ್ಲ. ಹುಡುಗಿ ಎಂದಿನಂತೆ ಶಾಲೆಗೆ ಬಂದಳು. ಊಟಕ್ಕೆ ಕೂರುವಾಗ ಅವಳ ಪಕ್ಕದ ಜಾಗ ಖಾಲಿ. ಮಕ್ಕಳು ಏನೂ ಬಾಯಿಬಿಟ್ಟು ಹೇಳಲಿಲ್ಲ, ಸ್ವಲ್ಪ ಸರಿದು ಕೂತರು ಅಷ್ಟೆ. ಬಿ.ಎಡ್.ನಲ್ಲಿ ಮಕ್ಕಳ ಮನಃಶಾಸ್ತ್ರವೆಂದು ಒಂದು ವರ್ಷ ಓದಿದ್ದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ತೆಗೆದಿದ್ದೆ.

ಹಾಜರಿ ಪುಸ್ತಕವನ್ನು ಅಧ್ಯಾಪಕರ ಕೊಠಡಿಗೆ ತಂದಿಡುವ ಕೆಲಸ ಅವಳದು. ಒಂದು ದಿನ ಅಲ್ಲಿ ನಮ್ಮೊಳಗೆ ಇದೇ ಮಾತು ನಡೆದಿತ್ತು. "ಗುಮಾಸ್ತನಿಗೆ ಗೊತ್ತಿಲ್ಲದೆ ಇಷ್ಟೆಲ್ಲ ಆಗುತ್ತದೆಯೇ?" ಎಂದು ನಾನೇ ಕೇಳಿದೆ. ತಿರುಗಿ ನೋಡಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು. ಪುಸ್ತಕವನ್ನು ಮೇಜಿನ ಮೇಲೆ ನೇರವಾಗಿ ಇಟ್ಟು, ಅದರ ಮೇಲೆ ಪೆನ್ನನ್ನೂ ಇಟ್ಟು ಹೋದಳು.

ಮರುವಾರ ಅವಳ ತಾಯಿ ಟಿ.ಸಿ. ಕೇಳಿಕೊಂಡು ಬಂದರು. ಮಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಿದೆ, ಅಲ್ಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತೇವೆ ಎಂದರು. ನಾನೂ ಎರಡು ಸಲ ಬೇಡವೆಂದೆ. "ಪರವಾಗಿಲ್ಲ ಟೀಚರೇ, ಅಲ್ಲಿ ಯಾರಿಗೂ ನಮ್ಮ ಗುರುತಿಲ್ಲ" ಎಂದರು. ಟಿ.ಸಿ. ಬರೆದವಳೂ ನಾನೇ. ಕಾರಣದ ಕಾಲಮಿನಲ್ಲಿ 'ಹೆತ್ತವರ ಕೋರಿಕೆ' ಎಂದು ಬರೆದೆ.

ಮರುವರ್ಷ ಆರನೆಯ ಕೆಲಸದ ದಿನ ತಲೆ ಎಣಿಸುವಾಗ ನಮಗೆ ಒಂದೊಂದು ಮಗುವೂ ಎಷ್ಟು ಮುಖ್ಯವೆಂದು ನಿಮಗೆ ಗೊತ್ತೇ ಇದೆ. ಎಣಿಕೆ ಕಡಿಮೆಯಾದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಹುದ್ದೆ ಹೋಗುತ್ತದೆ. ಕನ್ನಡದ ಮಕ್ಕಳನ್ನು ಮಲಯಾಳದವರು ಕಸಿದುಕೊಂಡರು, ಇಂಗ್ಲಿಷಿನವರು ಕಸಿದುಕೊಂಡರು ಎಂದು ನಾವು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಈ ಮಗುವನ್ನು ಕಳಿಸಿದವರು ಅವರಲ್ಲ.

ನಾಲ್ಕು ವರ್ಷಗಳ ಬಳಿಕ ಆ ಗುಮಾಸ್ತರ ಮೇಲೆ ಆರೋಪವಿಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಪೇಪರಿನಲ್ಲಿ ನಾಲ್ಕು ಸಾಲು, ಅದೂ ಚಿಟ್ ಫಂಡ್ ಜಾಹೀರಾತಿನ ಕೆಳಗೆ. ಅವರ ಸಂಕಟಕ್ಕೆ ಇನ್ನೊಂದು ಕಾರಣವೂ ಇತ್ತೆಂದು ಆಮೇಲೆ ಅವರೇ ಹೇಳಿದರು. ಅವರು ಓದಿದ್ದು ಕನ್ನಡದಲ್ಲಿ. ಮಲಯಾಳ ಮಾತಾಡುತ್ತಾರೆ, ಓದುವುದು ತಡೆದು ತಡೆದು. ವಿಚಾರಣೆಯ ಹೊತ್ತಿಗೆ ಎದುರಿಗಿಟ್ಟ ನಾಲ್ಕು ಪುಟದ ಮಲಯಾಳ ಹೇಳಿಕೆಗೆ, ಗಡಿಬಿಡಿಯಲ್ಲಿ ಓದಿಸಿ ಕೇಳದೆ ಸಹಿ ಹಾಕಿದ್ದರು. ಅದರಲ್ಲಿದ್ದ ಒಂದು ವಾಕ್ಯವನ್ನು ಬಿಡಿಸಿಕೊಳ್ಳಲು ಅವರಿಗೆ ವರ್ಷಗಳು ಹಿಡಿದವು. ಕಾಗದದ ಮೇಲೆ ಬರೆದ ಹೆಸರನ್ನು ತೋರಿಸಿ ಫೌಸಿಯಾ ಅವರಿಂದ ಹೇಳಿಸಿದ್ದು ನನಗೆ ನೆನಪಾದದ್ದು ಆಗಲೇ. ಕನ್ನಡದಲ್ಲಿ ಅರ್ಜಿ ಕೊಡುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕಿಗಾಗಿ ನಾವು ಹೋರಾಡುವಾಗ ಅದು ಬರಿಯ ಭಾಷಾಭಿಮಾನವೆಂದು ನಗುವವರಿದ್ದಾರೆ. ಅವರು ಆ ಗುಮಾಸ್ತರನ್ನು ಒಮ್ಮೆ ಮಾತಾಡಿಸಬೇಕು. ಅರ್ಥವಾಗದ ಯಾವ ಕಾಗದಕ್ಕೂ, ಯಾರು ಎಷ್ಟೇ ಅವಸರ ಮಾಡಿದರೂ, ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ.

ಅವರೀಗ ಪೇಟೆಯ ಅಡಿಕೆ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಾರೆ. ಬಸ್ಸಿನಲ್ಲಿ ಸಿಕ್ಕಿದರೆ ನಮಸ್ಕಾರ ಹೇಳುತ್ತಾರೆ, ಪಕ್ಕದ ಸೀಟು ಖಾಲಿಯಿದ್ದರೂ ಕೂರುವುದಿಲ್ಲ. ಮಗಳು ಚೆನ್ನಾಗಿ ಓದಿ ಕೆಲಸದಲ್ಲಿದ್ದಾಳಂತೆ. ನಾನು ಅವಳಿಗೆ ಕ್ಷಮೆ ಕೇಳಿ ಪತ್ರ ಬರೆಯಬೇಕೆಂದುಕೊಂಡು ಎರಡು ಸಲ ಹರಿದು ಹಾಕಿದ್ದೇನೆ.

ಹಾಗಾದರೆ ಹಗರಣಗಳ ಬಗ್ಗೆ ಮಾತಾಡುವುದೇ ಬೇಡವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಂಘದ ಹಣ ಹೋದರೆ ಅದು ಬೀಡಿ ಕಟ್ಟಿ ಕೂಡಿಟ್ಟವರ ಹಣ. ಕೇಳಲೇಬೇಕು, ಗಟ್ಟಿಯಾಗಿ ಕೇಳಬೇಕು. ಎಲ್ಲ ಆರೋಪಗಳೂ ಸುಳ್ಳೆಂದು ನಾನು ಹೇಳುತ್ತಿಲ್ಲ. ತಪ್ಪು ಮಾಡಿದವರು ನಮ್ಮ ನಡುವೆಯೇ ಬೇಕಾದಷ್ಟಿದ್ದಾರೆ. ಆದರೆ ಲೆಕ್ಕ ಕೇಳುವ ಜಾಗ ಮಹಾಸಭೆ, ಕಚೇರಿ, ನ್ಯಾಯಾಲಯ. ಊಟದ ಪಂಕ್ತಿಯಲ್ಲ. ತಂದೆ ತಪ್ಪಿತಸ್ಥನೆಂದೇ ಇಟ್ಟುಕೊಳ್ಳಿ, ಮಗುವಿನ ಪಕ್ಕದ ಜಾಗ ಯಾಕೆ ಖಾಲಿಯಾಗಬೇಕು? ಇದಕ್ಕೆ ಉತ್ತರ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ.

ಈಗಂತೂ ಪೇಪರು ಬರುವವರೆಗೆ ಕಾಯಬೇಕಾಗಿಲ್ಲ. ರಾತ್ರಿ ಮೊಬೈಲಿಗೆ ಬಂದದ್ದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಶಾಲೆ ತಲಪಿರುತ್ತದೆ. ತರಗತಿಯ ಹೆತ್ತವರ ಗುಂಪಿಗೇ ಇಂಥ ಸುದ್ದಿ ಹಾಕಿದವರಿದ್ದಾರೆ. ಹೋಂವರ್ಕಿಗೆಂದು ನಾವು ಮಾಡಿದ ಗುಂಪು ಅದು! ದಯವಿಟ್ಟು ಬೇಡ. ಒಬ್ಬರ ಹೆಸರು ಕೆಟ್ಟ ಸುದ್ದಿಯನ್ನು ಮನೆಯಲ್ಲಿ ಮಕ್ಕಳ ಎದುರು ಆಡಿದ್ದರೆ, ಅವರು ನಿರ್ದೋಷಿಯೆಂದು ತಿಳಿದ ದಿನ ಅದನ್ನೂ ಮಕ್ಕಳ ಎದುರೇ, ಅಷ್ಟೇ ದನಿಯಲ್ಲಿ ಹೇಳಿ. ಪೇಪರಿನವರು ನಾಲ್ಕು ಸಾಲಿನಲ್ಲಿ ಮುಗಿಸಲಿ, ನಿಮ್ಮ ಮನೆಯಲ್ಲಿ ಜಾಗಕ್ಕೆ ಕೊರತೆಯಿಲ್ಲ.

ಈಗ ಮೊದಲು ಹೇಳಿದ ಆ ಇಬ್ಬರು ಹುಡುಗರು. ಅವರು ಮರುದಿನವೇ ಒಟ್ಟಿಗೆ ಆಡಿದರು, ಮಕ್ಕಳಲ್ಲವೇ. ದೊಡ್ಡವರ ವಿಷಯ ಹಾಗಲ್ಲ. ಬರುವ ವಾರದ ರಕ್ಷಕ-ಶಿಕ್ಷಕ ಸಂಘದ ಸಭೆಗೆ ತಾನು ಬರುವುದಿಲ್ಲವೆಂದು ಪೇಪರಿನಲ್ಲಿ ಹೆಸರು ಬಂದ ಆ ತಂದೆ ಹೇಳಿ ಕಳುಹಿಸಿದ್ದಾರೆ. ಹೆಸರು ಬರೆಯುವುದಿಲ್ಲ, ನಮ್ಮ ಶಾಲೆಯವರಿಗೆ ತಿಳಿದೇ ಇದೆ. ಕಳೆದ ಮಳೆಗಾಲದಲ್ಲಿ ಶಾಲೆಯ ಹಿಂದಿನ ಗೋಡೆ ಕುಸಿದಾಗ ಕೆಂಪುಕಲ್ಲು ತರಿಸಿಕೊಟ್ಟು, ಎರಡು ದಿನ ಕೆಲಸ ಬಿಟ್ಟು ಕಟ್ಟಿಸಿದವರು ಅವರೇ. ಸಭೆ ಇರುವುದು ಶನಿವಾರ ಮಧ್ಯಾಹ್ನ 2.30ಕ್ಕೆ. ನಿಮ್ಮಲ್ಲಿ ಯಾರಾದರೂ ಅವರ ಮನೆಯ ದಾರಿಯಾಗಿ ಬರುವವರಿದ್ದರೆ ಒಮ್ಮೆ ಒಳಗೆ ಹೋಗಿ ಕರೆದುಕೊಂಡು ಬನ್ನಿ.